ಮಾಜಿ ಡ್ರಮ್ಮರ್

ಬೀನ್ಸ್ ಹೆಚ್ಚುತ್ತಾ ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದೆ. ಯಾರಪ್ಪಾ ಇಷ್ಟು ಚೆನ್ನಾಗಿ ಹಾಡ್ತಿರೋದು ಅಂತ ಕೈ ಒರೆಸಿಕೊಂಡು ನೋಡಿದರೆ, ಫಾದರ್ ಜಾನ್ ಮಿಸ್ಟಿ ಅಂತ ಹೆಸರಿತ್ತು. ಕೆಳಗೆ ಪರಿಚಯ: ಫ್ಲೀಟ್ ಫಾಕ್ಸಸ್ ಬ್ಯಾಂಡಿನ ಮಾಜಿ ಡ್ರಮ್ಮರ್.

ಮೈ ಉರಿಯಿತು. ಮಾಜಿ ಅನ್ನೋದು ಶಾಸಕರಿಗಾದರೆ ಮರ್ಯಾದೆ, ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸುತ್ತಾರೆ. ಈತನಿಗೆ ಅದು ಯಾರೋ ಬೆನ್ನಿಗೆ ಅಂಟಿಸಿ ಓಡಿದ ಚೀಟಿ. ಬ್ಯಾಂಡ್ ಬಿಟ್ಟಿದ್ದು 2012ರಲ್ಲಿ. ಅವತ್ತಿನಿಂದ ಹಾಡುತ್ತಲೇ ಇದ್ದಾನೆ. ಅಲ್ಲಿ ಡ್ರಮ್ ಹಿಂದೆ ಕೂತಿದ್ದು ನಾಲ್ಕು ವರ್ಷ ಇದ್ದರೆ ಜಾಸ್ತಿ.

"ಯಾವ ಚರ್ಚಿನ ಫಾದರ್ರೋ ಅದು?" ಅಮ್ಮ ಕೇಳಿದಳು.

"ಪಾದ್ರಿ ಅಲ್ಲಮ್ಮ. ನಿಜವಾದ ಹೆಸರು ಜಾಶ್ ಟಿಲ್‌ಮನ್. ಇದು ತಾನೇ ಇಟ್ಕೊಂಡಿದ್ದು."

"ಹೆತ್ತೋರಿಟ್ಟ ಹೆಸರಿಗೇನಾಗಿತ್ತು ಧಾಡಿ?"

ಕಟ್ಟುನಿಟ್ಟಿನ ಕ್ರೈಸ್ತ ಮನೆಯಲ್ಲಿ ಬೆಳೆದವನು ಅನ್ನೋದನ್ನ ನಾನು ಹೇಳಲಿಲ್ಲ. ಮಾತು ಬೆಳೆಯುತ್ತಿತ್ತು.

ಈ ಉರಿಗೆ ಮೂಲ ನಮ್ಮ ದೊಡ್ಡಪ್ಪನ ಮಗ. ತೊಂಬತ್ತರ ದಶಕದಲ್ಲಿ ಅಣ್ಣ ನಮ್ಮೂರ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದ. ಕಾಲಲ್ಲಿ ಒದ್ದು ಬಾರಿಸುವ ದೊಡ್ಡ ಡ್ರಮ್ ಇದೆಯಲ್ಲ, ಅದು ಏಟು ಬಿದ್ದಂತೆಲ್ಲ ಒಂಚೂರು ಮುಂದೆ ಸರಿಯುತ್ತೆ. ಹಾಗಾಗಿ ಅದರ ಮುಂದೆ ಇಟ್ಟಿಗೆ ಇಡಬೇಕು. ಆ ಇಟ್ಟಿಗೆಯನ್ನು ಅಣ್ಣ ಗೋಣಿಚೀಲದಲ್ಲಿ ಸುತ್ತಿ ಮನೆಯಿಂದಲೇ ಒಯ್ಯುತ್ತಿದ್ದ. ಹೊರುವ ಕೆಲಸ ನನ್ನದು. ಸೀಳಿದ ಕೋಲುಗಳಿಗೆ ವೈರಿಂಗ್ ಟೇಪು ಸುತ್ತೋದೂ ನನ್ನದೇ.

ಪ್ರತಿ ಗಣೇಶನ ಹಬ್ಬಕ್ಕೂ ಅಣ್ಣ ಗೋಗರೆಯುತ್ತಿದ್ದ, ಒಂದೇ ಒಂದು ಹಾಡು ನಾನು ಹಾಡ್ತೀನಿ ಅಂತ. "ನೀನೆದ್ದು ಬಂದ್ರೆ ಬಾರ್ಸೋರು ಯಾರಪ್ಪ?" ಅನ್ನುತ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಐದನೇ ವರ್ಷ, ಕಾಟ ತಡೆಯಲಾರದೆ, ಒಪ್ಪಿದರು.

ಅಣ್ಣ ಬಿಳಿ ಪ್ಯಾಂಟು ತೊಟ್ಟು ಮುಂದೆ ಬಂದ. ಒಂದು ಕೈಯಲ್ಲಿ ಮೈಕು. ಇನ್ನೊಂದು ಕೈ ಎಲ್ಲಿಡಬೇಕೋ ಗೊತ್ತಾಗದೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಆದರೆ ಹಾಡಿದ ನೋಡಿ! ಎರಡನೇ ಚರಣಕ್ಕೆ ಮುಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿದರು. ಆಗ ನನಗೆ ಹೊಳೆಯಿತು. ಅಣ್ಣ ಇಲ್ಲಿದ್ದಾನೆ, ಹಿಂದೆ ಸ್ಟೂಲು ಖಾಲಿ, ಆದರೂ ಡ್ರಮ್ಮು ಕೇಳಿಸ್ತಿದೆ! ಕೀಬೋರ್ಡಿನವನು ರಿದಮ್ ಬಟನ್ ಒತ್ತಿಬಿಟ್ಟಿದ್ದ. ಬೆವರಿಲ್ಲ, ಟೇಪಿಲ್ಲ, ಇಟ್ಟಿಗೆಯ ಗೋಜಿಲ್ಲ.

ಚಪ್ಪಾಳೆ ಜೋರಾಗಿಯೇ ಬಿತ್ತು. ಮರುವರ್ಷ ಆರ್ಕೆಸ್ಟ್ರಾದವರು ಅಣ್ಣನನ್ನು ಕರೆಯಲಿಲ್ಲ. ಬಾರಿಸೋಕೂ ಇಲ್ಲ, ಹಾಡೋಕೂ ಇಲ್ಲ. ಆ ಇಟ್ಟಿಗೆ ಈಗಲೂ ದೊಡ್ಡಪ್ಪನ ಮನೆಯ ಹಿತ್ತಲ ಬಾಗಿಲು ಬಡಿದುಕೊಳ್ಳದ ಹಾಗೆ ಹಿಡಿದುಕೊಂಡಿದೆ.

ಬ್ಯಾಂಡಿನವರ ನಡುವೆ ಒಂದು ಹಳೇ ಜೋಕಿದೆ. ಬ್ಯಾಂಡಿನಿಂದ ಓಡಿಸೋಕೆ ಮುಂಚೆ ಡ್ರಮ್ಮರ್ ಆಡಿದ ಕೊನೇ ಮಾತೇನು? "ನಾನೂ ಒಂದೆರಡು ಹಾಡು ಬರ್ದಿದ್ದೀನಿ." ಎಲ್ಲರೂ ನಗುತ್ತಾರೆ. ನನಗೆ ನಗು ಬರಲ್ಲ. ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಡೇವ್ ಗ್ರೋಲ್ 1994ರ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ, ಹೆಚ್ಚುಕಮ್ಮಿ ಎಲ್ಲ ವಾದ್ಯ ತಾನೇ ನುಡಿಸಿ, ತಾನೇ ಹಾಡಿ, ಒಂದು ಆಲ್ಬಂ ಮುಗಿಸಿದ. ಅದಕ್ಕೆ ಫೂ ಫೈಟರ್ಸ್ ಅಂತ ಒಂದು ಗುಂಪಿನ ಹೆಸರಿಟ್ಟ. ಒಬ್ಬಳೇ ಇರುವ ಮನೆಯ ಬಾಗಿಲಲ್ಲಿ ಅಜ್ಜಿ ನಾಲ್ಕು ಜೊತೆ ಗಂಡಸರ ಚಪ್ಪಲಿ ಬಿಟ್ಟಿರುತ್ತಿದ್ದಳಲ್ಲ, ಹಾಗೆ.

ಟಿಲ್‌ಮನ್ ವಿಷಯದಲ್ಲಿ ನನ್ನ ತಕರಾರು ಇನ್ನೂ ದೊಡ್ಡದು. 2008ರಲ್ಲಿ ಫ್ಲೀಟ್ ಫಾಕ್ಸಸ್ ಸೇರೋಕೆ ಮುಂಚೆಯೇ ಅವನು ಸಿಯಾಟಲ್‌ನಲ್ಲಿ ಜೆ. ಟಿಲ್‌ಮನ್ ಅನ್ನೋ ಹೆಸರಲ್ಲಿ ಒಂದರ ಹಿಂದೊಂದು ಆಲ್ಬಂ ತಂದಿದ್ದ. ಅಂದರೆ ಹಾಡುಗಾರನೊಬ್ಬ ನಡುವೆ ಹೋಗಿ ಒಂದಿಷ್ಟು ದಿನ ಡ್ರಮ್ ಬಾರಿಸಿ ಬಂದ, ಅಷ್ಟೇ. ಬಾರಿಸುವಾಗಲೂ ಸುಮ್ನೆ ಕೂತವನಲ್ಲ, ಹಿಂದಿನಿಂದ ದನಿಗೂಡಿಸುತ್ತಿದ್ದ. ನೆಂಟರ ಮನೆಗೆ ನಾಲ್ಕು ದಿನ ಹೋಗಿ ಬಂದವನ ವಿಳಾಸವನ್ನೇ ಬದಲಾಯಿಸಿಬಿಡೋದಾ?

ಇವನ ಪರ ವಾದ ಮಾಡೋಣ ಅಂತ ಆ ಹಳೇ ಆಲ್ಬಂಗಳನ್ನೂ ಹುಡುಕಿ ಕೇಳಿದೆ. ಗಿಟಾರೂ ನಿಧಾನ, ದನಿಯೂ ನಿಧಾನ, ಎಲ್ಲ ಕಡೆ ಒಂದು ಮೋಡ. ಮೂರನೇ ಹಾಡಿಗೆ ನಿದ್ದೆ ಬಂತು. ಒಲೆ ಮೇಲೆ ಹಾಲು ಉಕ್ಕಿತು. ಹೆಸರು ಬದಲಾಯಿಸಿಕೊಂಡು 2012ರಲ್ಲಿ ತಂದ 'ಫಿಯರ್ ಫನ್' ಕೇಳಿದರೆ ಆ ಮನುಷ್ಯನೇ ಬೇರೆ. ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆ, ಕಂಠ ಬಿಚ್ಚಿ ಹಾಡುತ್ತಾನೆ. ಮನುಷ್ಯನಿಗೂ ಹೆಸರಿಗೂ ಇರುವ ಸಂಬಂಧದ ಬಗ್ಗೆ ಇಲ್ಲೊಂದು ದೊಡ್ಡ ಮಾತು ಹೇಳಬೇಕು ಅಂತಿದ್ದೆ. ಅಷ್ಟರಲ್ಲಿ ಅಮ್ಮ ಬೀನ್ಸ್ ಎಲ್ಲಿ ಅಂದಳು.

ಮೊನ್ನೆ ಅಣ್ಣ ಬಂದಿದ್ದ. ಅವನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅದೇ ಹಾಡು ಹಾಕಿದೆ. ಅಣ್ಣ ಕಣ್ಣು ಮುಚ್ಚಿದ. ಬೆರಳು ಕಾಫಿ ಲೋಟದ ಮೇಲೆ ಆಡತೊಡಗಿತು.

"ಹೆಂಗಿದೆ?"

"ಚೆನ್ನಾಗಿ ಹಾಡ್ತಾನೆ ಕಣೋ." ಒಂದು ನಿಮಿಷ ಬಿಟ್ಟು ಕೇಳಿದ, "ಬಾರಿಸ್ತಿರೋನು ಯಾರು?"

ಅಷ್ಟು ಸಲ ಕೇಳಿದ್ದೆ. ಆ ಕಡೆ ಕಿವಿಯೇ ಕೊಟ್ಟಿರಲಿಲ್ಲ.