ಕಿಯಾಂಟಿಯಲ್ಲಿ ಕುಕ್ಕರ್ ಕೂಗಿದ್ದು

ಒಂದು ಹನಿ ವೈನೂ ಮುಟ್ಟದ ಸಂಸಾರವೊಂದು ದುಡ್ಡು ಕೊಟ್ಟು ವೈನ್ ಎಸ್ಟೇಟಿನಲ್ಲೇ ಹೋಗಿ ಇಳಿದುಕೊಳ್ಳಬೇಕಾದರೆ ಮಗಳು ವಿದೇಶದಲ್ಲಿರಬೇಕು. ಜರ್ಮನಿಯಲ್ಲಿರುವ ನಮ್ಮ ಮಗಳು ಅಜ್ಜಿ ಬಂದ ಖುಷಿಗೆ ಇಟಲಿಯ ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಕಿಯಾಂಟಿ ಗುಡ್ಡಗಳಲ್ಲಿ ‘ಐಷಾರಾಮಿ ವಿಲ್ಲಾ’ ಬುಕ್ ಮಾಡಿದ್ದಳು. ದಪ್ಪ ಕಲ್ಲಿನ ಗೋಡೆ, ಸಾಲು ಸೈಪ್ರೆಸ್ ಮರ, ಅಕ್ಟೋಬರಿನ ಚಳಿಗೆ ಯಾರೂ ಇಳಿಯದ ಈಜುಕೊಳ.

ಈ ಸೀಮೆಯ ವೈನಿಗೆ 1716ರಲ್ಲೇ ಫ್ಲಾರೆನ್ಸನ್ನು ಆಳುತ್ತಿದ್ದ ಮೆಡಿಚಿ ಮನೆತನದ ದೊರೆ ಮೂರನೇ ಕೊಸಿಮೊ ಗಡಿ ಗುರುತಿಸಿ ಫರ್ಮಾನು ಹೊರಡಿಸಿದ್ದ. ಇಟಲಿಯ ಪ್ರಧಾನಿಯೂ ಆಗಿದ್ದ ಜಮೀನ್ದಾರ ಬೆಟ್ಟಿನೊ ರಿಕಾಸೊಲಿ, ಯಾವ ದ್ರಾಕ್ಷಿಯ ಜೊತೆ ಯಾವುದನ್ನು ಬೆರೆಸಬೇಕೆಂದು 1872ರಲ್ಲಿ ಕಾಗದ ಬರೆದಿಟ್ಟ. ಇಷ್ಟೆಲ್ಲ ಬರೆದಿಟ್ಟ ಜನ, ಬಚ್ಚಲಲ್ಲಿ ನೇತಾಡುವ ದಾರ ಯಾತಕ್ಕೆಂದು ಒಂದು ಚೀಟಿ ಅಂಟಿಸಬಾರದಿತ್ತೆ?

ಅದು ಜಾರಿ ಬಿದ್ದವರು ಎಳೆಯಬೇಕಾದ ಅಪಾಯದ ಗಂಟೆಯ ದಾರ. ಅತ್ತೆಯವರು ಅದಕ್ಕೆ ಒದ್ದೆ ಟವೆಲ್ ಇಳಿಬಿಟ್ಟರು. ಮ್ಯಾನೇಜರ್ ಹೆಂಗಸು ಔಷಧಿ ಡಬ್ಬಿ ಹಿಡಿದು, ಬರಿಗಾಲಲ್ಲಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. ಅತ್ತೆಯವರು ಅವಳನ್ನು ನೋಡಿ, “ಪಾಪ, ನಾಷ್ಟಾ ಆತೇನಂತ ಕೇಳಾಕ ಬಂದಾಳ, ಒಳಗ ಕರೀರಿ” ಅಂದರು. ಬಂದವಳಿಗೆ ಉಪಚಾರವೂ ಆಯಿತು. ಕಿಯಾಂಟಿ ಸೇರಿದ ತೊಸ್ಕಾನಾ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಅದಕ್ಕೆ ಶೇಂಗಾ ಚಟ್ನಿಪುಡಿ, ಮೇಲೆ ಅವರದೇ ಆಲಿವ್ ಎಣ್ಣೆ. ಎರಡನೇ ತುಂಡನ್ನು ಅವಳೇ ಕೇಳಿ ಹಾಕಿಸಿಕೊಂಡಳು.

ನಿಜವಾದ ಫಜೀತಿ ರಾತ್ರಿ ಶುರುವಾಯಿತು. ಇಟಲಿಯ ಮನೆಗಳಿಗೆ ಸಾಮಾನ್ಯವಾಗಿ ಸಿಗುವ ಕರೆಂಟು 3 ಕಿಲೋವ್ಯಾಟ್. ನಮ್ಮ ಅರಮನೆಗೂ ಅಷ್ಟೇ. ನಾನು ಇಂಡಕ್ಷನ್ ಮೇಲೆ ಅನ್ನಕ್ಕೆ ಕುಕ್ಕರ್ ಇಟ್ಟಿದ್ದೆ, ಇವರು ಗೀಸರ್ ಹಾಕಿದ್ದರು, ಮಗಳು ಡ್ರೈಯರ್ ಹಿಡಿದಳು. ಟಪ್! ಕತ್ತಲು. ಮೀಟರ್ ಡಬ್ಬಿ ಇದ್ದದ್ದು ಗೇಟಿನ ಪಕ್ಕ, ಜಲ್ಲಿ ರಸ್ತೆಯ ಕೊನೆಗೆ. ಇವರು ಲುಂಗಿ ಮೇಲೆತ್ತಿಕೊಂಡು, ಮೊಬೈಲ್ ಟಾರ್ಚ್ ಹಿಡಿದು ಓಡಿದರು. ಸ್ವಿಚ್ ಎತ್ತಿ ವಾಪಸು ಬರುವಷ್ಟರಲ್ಲಿ ಫ್ರಿಜ್ಜು, ಗೀಸರು, ಕುಕ್ಕರು ಮೂರೂ ಒಟ್ಟಿಗೆ ಎದ್ದು ಕೂತವು. ಮತ್ತೆ ಟಪ್! ಕುಕ್ಕರ್ ಸುಂಯ್ ಅನ್ನುವುದು, ಕೂಗುವ ಹೊತ್ತಿಗೆ ತಣ್ಣಗಾಗುವುದು. ಕಡೆಗೆ ಇಂಡಕ್ಷನ್ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ, ನಾವೇ ನಮಗೆ ಲೋಡ್‌ಶೆಡ್ಡಿಂಗ್ ಹೇರಿಕೊಂಡು, ಕತ್ತಲಲ್ಲಿ ಕುಕ್ಕರಿನ ಸುತ್ತ ಕೂತೆವು.

ಈ ಸೀಮೆಯಲ್ಲಿ ಕೂಗಿಗೆ ಇತಿಹಾಸವೇ ಇದೆ. ಕೋಳಿ ಕೂಗಿದಾಗ ಫ್ಲಾರೆನ್ಸಿನಿಂದಲೂ ಸಿಯೆನಾದಿಂದಲೂ ಒಬ್ಬೊಬ್ಬ ಸವಾರ ಹೊರಡಬೇಕು, ಎದುರಾದ ಜಾಗವೇ ಗಡಿ ಎಂದು ಒಪ್ಪಂದವಾಗಿತ್ತಂತೆ. ಫ್ಲಾರೆನ್ಸಿನವರು ತಮ್ಮ ಕರಿ ಹುಂಜವನ್ನು ಉಪವಾಸ ಕೆಡವಿದರು. ಅದು ನಸುಕಿಗೂ ಮುಂಚೆ ಕೂಗಿತು, ಅವರ ಸವಾರ ಸಿಯೆನಾದ ಹತ್ತಿರಕ್ಕೇ ಬಂದುಬಿಟ್ಟ. ಆ ಹುಂಜ ಇವತ್ತಿಗೂ ಕಿಯಾಂಟಿ ಕ್ಲಾಸಿಕೊ ಎಂಬ ಇಲ್ಲಿನ ವೈನಿನ ಬಾಟಲಿಗಳ ಮೇಲೆ ನಿಂತಿದೆ. ನಮ್ಮ ಕುಕ್ಕರ್ ಕೂಗಿದಾಗ ಎಸ್ಟೇಟಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮ್ಯಾನೇಜರ್ ಮತ್ತೆ ಓಡಿಬಂದಳು, ಈ ಸಲ ಬೆಂಕಿ ಆರಿಸುವ ಸಿಲಿಂಡರ್ ಸಮೇತ.

ಮರುದಿನ ಅವಳು ನಮ್ಮನ್ನು ಅಟ್ಟಕ್ಕೆ ಕರೆದೊಯ್ದಳು. ಚಾಪೆಗಳ ಮೇಲೆ ಬಿಳಿ ದ್ರಾಕ್ಷಿ ಗೊಂಚಲುಗಳು ಬಾಡುತ್ತ ಬಿದ್ದಿದ್ದವು, ಕೆಲವಕ್ಕೆ ಅಂಚಿನಲ್ಲಿ ಸುಕ್ಕು. ಇವನ್ನು ಹಿಂಡಿ ವಿನ್ ಸಾಂಟೊ ಎಂಬ ಸಿಹಿ ವೈನ್ ಮಾಡುತ್ತಾರೆ. ಅತ್ತೆಯವರು ವಿಜಯಪುರದ ತಿಕೋಟ ಕಡೆಯವರು, ತವರಿನಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲೇ ಬೆಳೆದವರು. ಒಂದು ಹಣ್ಣು ಕಿತ್ತು ಬೆರಳಲ್ಲಿ ಅದುಮಿ, “ಇನ್ನೂ ಒಣಗಬೇಕ್ರಿ” ಎಂದು ತೀರ್ಪು ಕೊಟ್ಟರು. ರಸವನ್ನು ಸಣ್ಣ ಪೀಪಾಯಿಗೆ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ತೆರೆಯದೆ ಇಡುತ್ತೇವೆ ಎಂದಳು ಅವಳು. ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿದಳು.

ಅತ್ತೆಯವರಿಗೆ ಗಾಬರಿಯೇ ಆಯಿತು. “ಅಲ್ಲಿತನಕಾ ಬ್ಯಾಂಕಿನಾವ ಸಾಲ ಕೇಳದ ಸುಮ್ನ ಇರ್ತಾನೇನು? ಕೇಳಿ ನೋಡು ಆಕೀನ್ನ.”