ಡ್ರಮ್ ಸೆಟ್ ಬಿಟ್ಟ ಮಾತ್ರಕ್ಕೆ ತಂಡದ ಕಥೆ ಮುಗಿಯಿತಾ?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ, ಬರೆದೇ ಬಿಡ್ತೀನಿ. ಮಡಿಕೇರಿಗೆ ಬೆಂಗಳೂರಿನ ಆ ಜಾನಪದ ರಾಕ್ ತಂಡ ಬಂದಿತ್ತು. ನಾನು ಅವರ ಹಳೇ ಅಭಿಮಾನಿ ಅಂತ ನಿಮಗೆಲ್ಲ ಗೊತ್ತೇ ಇದೆ. ಈ ಸಲ ಡ್ರಮ್ ಸೆಟ್ ಇಲ್ಲ, ಎಲೆಕ್ಟ್ರಿಕ್ ಗಿಟಾರ್ ಇಲ್ಲ. ಸಾದಾ ಗಿಟಾರ್, ಪಿಟೀಲು, ಕೈಯಲ್ಲಿ ಹಿಡಿದು ತಟ್ಟುವ ಚರ್ಮವಾದ್ಯ ಕಂಜಿರ, ಗಾಯಕ. ನಾಲ್ಕೇ ಜನ ಕುರ್ಚಿ ಹಾಕಿಕೊಂಡು ಕೂತು ಹಾಡಿದರು. ಎರಡನೇ ಹಾಡಿಗೇ ನನ್ನ ಹಿಂದಿನ ಸಾಲಿನಲ್ಲಿ ಶುರುವಾಯಿತು: "ಸೌಂಡೇ ಇಲ್ವಲ್ಲ ಮಾರಾಯ, ಇವರ ಕಥೆ ಮುಗೀತು."

ಯಾಕೆ ಮುಗಿಯಬೇಕು? ಸದ್ದು ಕಮ್ಮಿ ಆದರೆ ಹಾಡೂ ಕಮ್ಮಿ ಆಗುತ್ತಾ?

ಇದೇ ತಂಡವನ್ನು ದೊಡ್ಡ ವೇದಿಕೆಯಲ್ಲಿ ಕೇಳಿ ಕುಣಿದವನು ನಾನು. ಆದರೆ ಆಗ ಶಿಶುನಾಳ ಶರೀಫರ ಪದ ಹಾಡಿದರೆ ಬೇಸ್ ಎದೆಗೆ ಗುದ್ದುತ್ತಿತ್ತು, ಪದ ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ನಿನ್ನೆ ಒಂದೊಂದು ಅಕ್ಷರವೂ ಕೇಳಿಸಿತು. ಗಿಟಾರಿನವರ ಬೆರಳು ತಂತಿ ಮೇಲೆ ಜಾರುವ ಕಿರ್ ಸದ್ದೂ ಕೇಳಿಸಿತು. ಕಂಜಿರದವರು ಎರಡು ಹಾಡಿನ ನಡುವೆ ಬೆರಳನ್ನು ನೀರಿಗೆ ಅದ್ದಿ, ಚರ್ಮದ ಒಳಬದಿಗೆ ಸವರಿ, ಕಿವಿಗೆ ಹತ್ತಿರ ಹಿಡಿದು ಒಮ್ಮೆ ತಟ್ಟಿ ನೋಡಿದರು. ನಮ್ಮ ಮಡಿಕೇರಿ ಥಂಡಿಗೆ ಚರ್ಮ ತಾನಾಗೇ ಸಡಿಲ ಆಗುತ್ತೆ, ನೀರು ಸ್ವಲ್ಪ ಜಾಸ್ತಿಯಾದರೂ ನಾದ ಕೆಡುತ್ತೆ. ಅಷ್ಟು ಅಂದಾಜಿಟ್ಟು ನುಡಿಸುವವರನ್ನು ಹಿಡಿದು ಕಥೆ ಮುಗೀತು ಅಂದರೆ ಸಿಟ್ಟು ಬರಲ್ವಾ?

ಅದರಲ್ಲೂ ಈ ಮಾತು ಕೊಡಗಿನವರ ಬಾಯಲ್ಲಿ ಬರಬಾರದಿತ್ತು. ನಮ್ಮಲ್ಲಿ ಪಾಟ್, ಅಂದರೆ ಕೊಡವರ ಜಾನಪದ ಹಾಡು, ಹಾಡೋಕೆ ನಾಲ್ಕು ಜನ, ಕೈಯಲ್ಲಿ ದುಡಿ ಅನ್ನೋ ಪುಟ್ಟ ಚರ್ಮವಾದ್ಯ, ಅಷ್ಟೇ ತಾನೇ? ಇಬ್ಬರು ಸಾಲು ಬಿಟ್ಟರೆ ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಮದುವೆಗೂ ಅದೇ, ಸುಗ್ಗಿ ಹಬ್ಬ ಪುತ್ತರಿಗೂ ಅದೇ, ಸಾವಿಗೂ ಅದೇ. ನಡಿಕೇರಿಯಂಡ ಚಿಣ್ಣಪ್ಪನವರು ಆ ಹಾಡುಗಳನ್ನೆಲ್ಲ ಕೂಡಿಸಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದ್ದು 1924ರಲ್ಲಿ. ಅಲ್ಲಿಯವರೆಗೆ ಅವು ಉಳಿದು ಬಂದದ್ದು ಬರೀ ಗಂಟಲು ಮತ್ತು ದುಡಿಯ ಬಲದಲ್ಲಿ.

ಇದನ್ನು ಯಾರಿಗೂ ಹೇಳಿರಲಿಲ್ಲ. ಅಪ್ಪ ತೀರಿಕೊಂಡಾಗ ಅಂಗಳದಲ್ಲಿ ಹಿರಿಯರು ದುಡಿ ಹಿಡಿದು ಹಾಡಿದ್ದು ನನಗೆ ಇವತ್ತಿಗೂ ಕೇಳಿಸುತ್ತೆ. ನಿನ್ನೆ ಪಿಟೀಲು ಒಂದೇ ಉಳಿದು ಬಾಕಿಯವರು ಸುಮ್ಮನಾದಾಗ ಅದೆಲ್ಲ ನೆನಪಾಗಿ ಕಣ್ಣು ತುಂಬಿತು. ಹಿಂದಿನ ಸಾಲಿನವರು ಆಗಲೂ ಸೌಂಡ್, ಸೌಂಡ್ ಅಂತಲೇ ಇದ್ದರು.

ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ನೋಡಿ. 1967ರಲ್ಲಿ ಶುರುವಾದ ತಂಡ. ಅವರ ನಾಡಿನ ಹಳೇ ಹಾಡುಗಳಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಕೂಡಿಸಿ 1969ರಲ್ಲಿ ಆಲ್ಬಂ ತಂದು ಹೆಸರು ಮಾಡಿದವರು. ಜಾನಪದ ರಾಕ್ ಅಂದರೆ ಹೀಗಿರಬೇಕು ಅಂತ ತೋರಿಸಿಕೊಟ್ಟವರೇ ಅವರು. ಅವರೇ 1990ರ ದಶಕದಲ್ಲಿ ಡ್ರಮ್ಸ್ ಬಿಟ್ಟು, ನಾಲ್ಕೇ ಜನ, ಹೆಸರಿಗೆ ಅಕೂಸ್ಟಿಕ್ (ಅಂದರೆ ಕರೆಂಟಿಲ್ಲದ ವಾದ್ಯಗಳ) ಅಂತ ಸೇರಿಸಿಕೊಂಡು ಊರೂರು ಸುತ್ತಿದರು. 1996ರಲ್ಲಿ ಆ ಹೆಸರಲ್ಲೇ ಆಲ್ಬಂ ಕೂಡ ತಂದರು. ಆಮೇಲೆ ಡ್ರಮ್ಸ್ ಮತ್ತೆ ಬಂತು. ತಂಡ 2020ರ ದಶಕದಲ್ಲೂ ಹಾಡುತ್ತಲೇ ಇದೆ.

ಖರ್ಚು ಉಳಿಸೋಕೆ ಹೀಗೆ ಮಾಡಿದ್ದಾರೆ ಅಂತ ಹೊರಗೆ ಬರುವಾಗ ಗೆಳೆಯನೊಬ್ಬ ಅಂದ. ಇರಬಹುದು. ಘಾಟಿ ರಸ್ತೆಯಲ್ಲಿ ಇನ್ನೊಂದು ಗಾಡಿ ತುಂಬಾ ಸಾಮಾನು ಹೇರಿಕೊಂಡು ಬರೋದು ಸುಲಭವಾ? ಹಾಗೆ ಉಳಿದ ದುಡ್ಡು ಅವರ ಹೊಟ್ಟೆಗೆ ಹೋದರೆ ನಮಗೇನು ನಷ್ಟ? ನನಗೆ ಬೇಕಾದ್ದು ಹಾಡು, ಅದು ನಿನ್ನೆ ಪೂರ್ತಿ ಸಿಕ್ಕಿತು. ಅಬ್ಬರ ಬೇಕಾದರೆ ದಸರಾ ಇದೆ, ಮೆರವಣಿಗೆಯಲ್ಲಿ ಬರುವ ಹತ್ತು ದೇವಸ್ಥಾನಗಳ ದಶಮಂಟಪದ ಮುಂದೆ ಬೆಳಗಿನ ತನಕ ಕುಣಿಯೋಣ, ನಾನೂ ಬರ್ತೀನಿ. ಆದರೆ ಎಲ್ಲ ಹಾಡಿಗೂ ಅದೇ ಅಳತೆ ಹಿಡಿಯೋದು ನ್ಯಾಯ ಅಲ್ಲ.

ಕಾರ್ಯಕ್ರಮ ಮಾಡಿಸಿದವರಲ್ಲಿ ಒಂದು ಕೇಳಿಕೆ. ಇವರನ್ನು ಮತ್ತೆ ಕರೆಸಿ. ಸಣ್ಣ ಹಾಲ್ ಹಿಡಿಯಿರಿ, ಕುರ್ಚಿಗಳನ್ನು ವೇದಿಕೆಗೆ ಹತ್ತಿರ ಹಾಕಿ, ಜನರೇಟರ್ ದೂರ ಇಡಿ. ಚಂದಾ ಎತ್ತೋ ಕೆಲಸ ನನಗೆ ಬಿಡಿ.