ಬುಧವಾರ ನೀಲಿ ಅನ್ನ

ಶಾಲೆಯವರು ಮಕ್ಕಳ ಊಟದ ಡಬ್ಬಿಗೂ ಟೈಮ್‌ಟೇಬಲ್ ಕಳಿಸಿರುವ ಸುದ್ದಿ ನಿಮಗೂ ಮುಟ್ಟಿರುತ್ತೆ. ಇಂಥದ್ದು ಬೆಳಿಗ್ಗೆ ವಾಟ್ಸಾಪಿಗೆ ಬಂದರೆ ಸಂಜೆಗೆ ನಮ್ಮ ಹಾಸನದ ಬಿ.ಎಂ. ರಸ್ತೆಯ ಟೀ ಅಂಗಡಿಯಲ್ಲಿ ಚರ್ಚೆಯಾಗುತ್ತೆ. ಸೋಮವಾರ ಕೆಂಪು, ಮಂಗಳವಾರ ಹಸಿರು, ಬುಧವಾರ ನೀಲಿ, ಗುರುವಾರ ಹಳದಿ, ಶುಕ್ರವಾರ ಕಾಮನಬಿಲ್ಲು. ಡಬ್ಬಿ ಅನ್ನಬಾರದು, ಜಪಾನಿನವರ ಹಾಗೆ ಬೆಂಟೋ ಅನ್ನಬೇಕು. ಐದು ಖಾನೆ ಇರಬೇಕು. ಸಾರು ಬೇಡ, ಸೋರುತ್ತೆ. ಎಂಟು ಗಂಟೆಯೊಳಗೆ ಫೋಟೋ ತೆಗೆದು ‘ಮಮ್ಮೀಸ್’ ಗ್ರೂಪಿಗೆ ಹಾಕಬೇಕು. ಆ ಗ್ರೂಪಿಗೆ ಅಪ್ಪಂದಿರನ್ನು ಸೇರಿಸಿಲ್ಲ. ನಾವಿರೋದು ಫೀಸಿನ ಗ್ರೂಪಿನಲ್ಲಿ.

ಕಂದು ಬಣ್ಣಕ್ಕೆ ದಿನವೇ ಇಲ್ಲ. ಜಿಲ್ಲೆಗೆ ಜಿಲ್ಲೆಯೇ ಉಂಡು ಬೆಳೆದ ಮುದ್ದೆ ಆ ಬಣ್ಣದ್ದು ಅನ್ನೋದು ಯಾರಿಗೂ ನೆನಪಾಗಿಲ್ಲ.

ಆದರೂ ನಾನು ಹೀಯಾಳಿಸಲ್ಲ. ಕೆತ್ತನೆ ಅಂದರೆ ಹಾಸನದವರು ಬಿಟ್ಟುಕೊಡೋಕಾಗುತ್ತಾ? ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಈಗ ಕ್ಯಾರೆಟ್ಟಿನ ಸರದಿ. ನನ್ನ ಹೆಂಡತಿ ಬೆಳಿಗ್ಗೆ ಐದಕ್ಕೆ ಎದ್ದು ಕ್ಯಾರೆಟ್ಟಿನಲ್ಲಿ ಹೂವು, ಸೌತೆಕಾಯಿಯಲ್ಲಿ ಎಲೆ ಕೆತ್ತುತ್ತಾಳೆ. ಚಪಾತಿಯನ್ನು ಅಚ್ಚಿನಲ್ಲಿ ಒತ್ತಿ ನಕ್ಷತ್ರ ಮಾಡುತ್ತಾಳೆ. ಅಂಚಿನ ಚೂರು ನನ್ನ ತಿಂಡಿ. ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲನ್ನ. ನೆಲದಿಂದ ತೆಗೆದಾಗ ಅದು ಮೆತ್ತಗಿರುತ್ತೆ, ಗಾಳಿ ತಾಗುತ್ತಾ ತಾಗುತ್ತಾ ಗಟ್ಟಿಯಾಗುತ್ತೆ. ನಕ್ಷತ್ರದ ಚಪಾತಿಯದ್ದೂ ಅದೇ ಜಾತಿ. ಏಳಕ್ಕೆ ಮೆತ್ತಗಿದ್ದದ್ದು ಹನ್ನೆರಡೂವರೆಗೆ ಎಂಟುನೂರು ವರ್ಷ ಬಾಳುವ ಹಾಗಾಗಿರುತ್ತೆ.

ಒಂದು ದಿನ ಇಡ್ಲಿಗೆ ಮುಖ ಬರೆದಳು. ಮೂಗಿಗೆ ಕ್ಯಾರೆಟ್ಟು, ಕಣ್ಣಿಗೆ ಸಕಲೇಶಪುರದ ಕರಿಮೆಣಸು. ಫೋಟೋಗೆ ಮೂವತ್ತು ಹಾರ್ಟು ಬಿದ್ದವು. ಮಗ ಎಡಗಣ್ಣನ್ನ ಕಚ್ಚಿ, ನೀರಿನ ಬಾಟಲಿ ಖಾಲಿ ಮಾಡಿ, ಬಲಗಣ್ಣಿನ ಇಡ್ಲಿಯನ್ನ ಹಾಗೇ ವಾಪಸ್ ತಂದ. ಅದು ಸಂಜೆವರೆಗೂ ನಮ್ಮನ್ನೇ ನೋಡುತ್ತಿತ್ತು.

ಹಾಸನಾಂಬೆ ಗುಡಿಯ ಬಾಗಿಲು ತೆರೆಯೋದು ವರ್ಷಕ್ಕೊಮ್ಮೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರಲ್ಲ, ಹೂವು ಬಾಡಿರಲ್ಲ, ನೈವೇದ್ಯ ಹಳಸಿರಲ್ಲ ಅಂತ ನಂಬಿಕೆ. ಅದು ತಾಯಿಯ ಮಹಿಮೆ ಬಿಡಿ. ಶಾಲೆಯವರು ಆ ನಂಬಿಕೆಯನ್ನ ನಮ್ಮ ಪ್ಲಾಸ್ಟಿಕ್ ಡಬ್ಬಿಗೂ ಅನ್ವಯಿಸಿದ್ದಾರೆ. ಹೆಚ್ಚಿದ ಹಣ್ಣು, ಮೊಸರು, ಬೀಟ್‌ರೂಟ್ ಪಲ್ಯ ಒಂದೇ ಮುಚ್ಚಳದಡಿ ಐದು ಗಂಟೆ ತಪಸ್ಸಿಗೆ ಕೂತರೆ ಏನಾಗುತ್ತೆ ಅಂತ ಮುಚ್ಚಳ ತೆಗೆದವರನ್ನ ಕೇಳಿ.

ಬುಧವಾರದ್ದು ಬೇರೆಯದೇ ಕಥೆ. ನೀಲಿ ಬಣ್ಣದ ಊಟ ಯಾವುದಿದೆ ಹೇಳಿ? ಬದನೆಕಾಯಿ ನೇರಳೆ, ಅದೂ ಸಿಪ್ಪೆ ಮಾತ್ರ. ಕೊನೆಗೆ ಯಾರೋ ಪುಣ್ಯಾತ್ಗಿತ್ತಿ ಶಂಖಪುಷ್ಪ ಕುದಿಸಿದ ನೀರಲ್ಲಿ ಅನ್ನ ಮಾಡಿ ಫೋಟೋ ಹಾಕಿದರು. ಮುಂದಿನ ಬುಧವಾರಕ್ಕೆ ನಮ್ಮ ಬೀದಿಯ ಬೇಲಿಗಳೆಲ್ಲ ಬೋಳು. ನಮ್ಮಮ್ಮ ಪೂಜೆಗೆ ಹೂವು ಕೀಳೋಕೆ ಹೋಗಿ ಬರೀ ಬುಟ್ಟಿ ಹಿಡಿದು ಬಂದರು. “ದೇವ್ರಿಗಿಲ್ಲದ ಹೂವು ಅನ್ನಕ್ಕೇನವ್ವಾ?” ಅಂತ ಸೊಸೆಯನ್ನ ಕೇಳಿದರು. “ಸ್ಕೂಲಲ್ಲಿ ಕೇಳಿದಾರೆ ಅತ್ತೆ” ಅಂದಳು ಇವಳು. ದೇವರು ಕೇಳಿರಲಿಲ್ಲ, ಹಾಗಾಗಿ ಸೋತ.

ಜಪಾನಿನಲ್ಲಿ ಹೀಗೇ ಮಾಡ್ತಾರೆ ಅಂತ ಮೀಟಿಂಗಿನಲ್ಲಿ ಹೇಳಿದರಂತೆ. ಮಾಡ್ತಾರೆ, ನಿಜ. ಅನ್ನದಲ್ಲಿ ಕರಡಿ, ಬೆಕ್ಕು ಮಾಡಿ ಕೂರಿಸುವ ಡಬ್ಬಿಗೆ ಅಲ್ಲಿ ಕ್ಯಾರಾಬೆನ್ ಅಂತ ಹೆಸರೇ ಇದೆ. ಅದರ ಕಾಟ ಜಾಸ್ತಿ ಶಿಶುವಿಹಾರದ ಮಕ್ಕಳ ಅಮ್ಮಂದಿರಿಗೆ. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಹೆಚ್ಚುಕಮ್ಮಿ ಎಲ್ಲ ಮಕ್ಕಳಿಗೂ ಶಾಲೆಯಲ್ಲೇ ಬಿಸಿ ಊಟ. ಅದಕ್ಕೆ 1954ರಲ್ಲೇ ಕಾನೂನು ಮಾಡಿದ್ದಾರೆ. ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಬಡಿಸುತ್ತಾರೆ, ಎಲ್ಲರ ತಟ್ಟೆಯಲ್ಲೂ ಒಂದೇ ಅಡುಗೆ. ಇದನ್ನ ಮೀಟಿಂಗಿನಲ್ಲಿ ಯಾಕೆ ಹೇಳಲಿಲ್ಲ? ನಮ್ಮಲ್ಲೂ ಬಿಸಿಯೂಟ ಬಂದು ಇಪ್ಪತ್ತು ವರ್ಷ ದಾಟಿದೆ, 2013ರಿಂದ ಹಾಲೂ ಕೊಡ್ತಾರೆ. ನಮ್ಮ ಮನೆ ಕೆಲಸಕ್ಕೆ ಬರುವಾಕೆಯ ಮಗಳು ಸರ್ಕಾರಿ ಶಾಲೆಯಲ್ಲಿ ಬಿಸಿ ಅನ್ನ, ಸಾಂಬಾರು, ಮೊಟ್ಟೆ ತಿಂತಾಳೆ. ನನ್ನ ಮಗ ವರ್ಷಕ್ಕೆ ಅಷ್ಟೊಂದು ದುಡ್ಡು ಕಟ್ಟಿಸಿಕೊಂಡು ತಣ್ಣನೆಯ ನಕ್ಷತ್ರ ಅಗಿಯುತ್ತಾನೆ. ಜಪಾನಿಗೆ ಹತ್ತಿರ ಇರೋದು ಯಾರು?

ಊಟಕ್ಕೆ ಬಿಡುವು ಎಷ್ಟು ಗೊತ್ತಾ? ಇಪ್ಪತ್ತು ನಿಮಿಷ. ನಲ್ಲಿ ಎರಡು, ಒಂದರಲ್ಲಿ ನೀರು ಬರಲ್ಲ. ಕೈ ತೊಳೆದು ಬರುವಷ್ಟರಲ್ಲಿ ಅರ್ಧ ಹೊತ್ತು ಮುಗಿದಿರುತ್ತೆ. ಆರು ವರ್ಷದ ಮಗು ಐದು ಮುಚ್ಚಳ ಬಿಚ್ಚಿ ಯಾವಾಗ ತಿನ್ನಬೇಕು? ಇನ್ನೊಂದು ನಲ್ಲಿ ಹಾಕಿಸಿ, ಹತ್ತು ನಿಮಿಷ ಜಾಸ್ತಿ ಕೊಡಿ ಅಂತ ಫೀಸಿನ ಗ್ರೂಪಿನಲ್ಲಿ ಬರೆದೆ. ಒಬ್ಬರೂ ಹಾರ್ಟ್ ಒತ್ತಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವ ಹೆಂಗಸಿಗೆ ಬಣ್ಣ ಕಮ್ಮಿ ಆಯ್ತು ಅಂತ ಎಂಟಕ್ಕೆ ಮಾರ್ಕ್ಸ್ ಕೊಡೋದಕ್ಕೆ ಇವರು ಯಾರು? ನೀವು ಯಾಕೆ ಏಳಲ್ಲ ಅಂತ ನನ್ನ ಕೇಳಬೇಡಿ. ಅವಳು ಕೇಳಿ ಆಗಿದೆ.

ಹೋದ ಶುಕ್ರವಾರ ಅವಳಿಗೆ ಜ್ವರ. ನಾನೇ ಮೊಸರನ್ನ ಕಲಸಿ, ನಡುವೆ ಒಂದು ಮಿಡಿ ಉಪ್ಪಿನಕಾಯಿ ಇಟ್ಟೆ. ಜಪಾನಿನವರು ಬಿಳಿ ಅನ್ನದ ನಡುವೆ ಒಂದೇ ಒಂದು ಕೆಂಪು ಉಪ್ಪಿನಕಾಯಿ ಹಣ್ಣು ಇಟ್ಟು ಹಿನೊಮಾರು ಬೆಂಟೋ ಅಂತಾರೆ, ಅವರ ಬಾವುಟದ ಹಾಗೆ ಕಾಣುತ್ತೆ ಅಂತ. ಅವಳ ಫೋನಿನಿಂದ ಫೋಟೋ ಹಾಕಿ, ಕೆಳಗೆ ಹಾಗಂತ ಬರೆದೆ. ಮಿಸ್ಸಿನ ಉತ್ತರ ಬಂತು: “ಕಲರ್ಸ್ ಕಮ್ಮಿ ಇದೆ ಮೇಡಂ.” ಡಬ್ಬಿ ಮಾತ್ರ ಖಾಲಿ ಬಂತು. ಮಿಡಿಯ ಓಟೆಯೂ ಇರಲಿಲ್ಲ.

ನಾಳೆ ಮತ್ತೆ ಬುಧವಾರ. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಅಂತ ಜೀವಮಾನವಿಡೀ ಬೈದ ನಮ್ಮಮ್ಮ ಈಗ, ರಾತ್ರಿ ಒಂಬತ್ತೂವರೆಗೆ, ಟಾರ್ಚ್ ಹಿಡಿದು ಬೇಲಿ ಹತ್ತಿರ ನಿಂತಿದ್ದಾರೆ. ಬುಟ್ಟಿ ಅರ್ಧ ತುಂಬಿದೆ.